ಸ್ಟಾರ್ ವಾರ್ಸ್‌ನ ಹೊಸ ಮೂರು ಸಿನಿಮಾ ನೋಡಬೇಕಾ?

ಹಳೇ ಸ್ಟಾರ್ ವಾರ್ಸ್ ನೋಡಿ ಮುಗಿಸಿದವರು ನನ್ನನ್ನು ಪದೇ ಪದೇ ಕೇಳುವುದು ಇದನ್ನೇ. 2015ರಿಂದ 2019ರ ನಡುವೆ ಡಿಸ್ನಿ ತಂದ ಮೂರು ಭಾಗಗಳನ್ನೂ ನೋಡಬೇಕಾ, ಇಲ್ಲಾ ಅವು ಹಳೇ ಸಿನಿಮಾಗಳ ನಾಯಕ ಲ್ಯೂಕ್‌ನ ಕಥೆಯನ್ನೇ ಕೆಡಿಸಿವೆಯಾ?

ನೋಡಿ. ಜನ ಜಾಸ್ತಿ ಬೈಯುವ ನಡುವಿನ ಸಿನಿಮಾವನ್ನಂತೂ ಬಿಡಲೇಬೇಡಿ. (ಮುಂದೆ ಕಥೆಯ ಗುಟ್ಟೆಲ್ಲ ಹೇಳಿದ್ದೇನೆ.)

ಮೊದಲನೆಯದು, 'ದ ಫೋರ್ಸ್ ಅವೇಕನ್ಸ್', ಹಳೇ ದಾರಿಯಲ್ಲೇ ಹೋಗುತ್ತದೆ. ಮರಳುಗಾಡಿನ ಅನಾಥೆ ರೇ, ಗುಟ್ಟು ಹೊತ್ತ ರೋಬೋ, ಗ್ರಹಗಳನ್ನೇ ಸುಡುವ ಆಯುಧ. 1977ರ ಮೊದಲ ಸ್ಟಾರ್ ವಾರ್ಸ್ ನೋಡಿದವರಿಗೆ ಇದೆಲ್ಲ ಪರಿಚಿತ. ಕೊನೆಯಲ್ಲಿ ರೇ ಒಂದು ದ್ವೀಪಕ್ಕೆ ಹೋಗಿ ಲ್ಯೂಕ್‌ನ ಮುಂದೆ ಅವನ ಅಪ್ಪನ ಲೈಟ್‌ಸೇಬರ್ (ಬೆಳಕಿನ ಕತ್ತಿ) ಚಾಚುತ್ತಾಳೆ.

2017ರ 'ದ ಲಾಸ್ಟ್ ಜೆಡೈ'ನಲ್ಲಿ ಲ್ಯೂಕ್ ಅದನ್ನು ಇಸಕೊಂಡು ಹೆಗಲ ಮೇಲಿಂದ ಹಿಂದಕ್ಕೆ ಎಸೆದುಬಿಡುತ್ತಾನೆ. ಅಭಿಮಾನಿಗಳು ಸಿಟ್ಟಾಗಿದ್ದು ಅಲ್ಲೇ. 'ನಮ್ಮ ಲ್ಯೂಕ್ ಹೀಗೆ ಮಾಡಲ್ಲ' ಅಂದರು. ಆದರೆ 1983ರ 'ರಿಟರ್ನ್ ಆಫ್ ದ ಜೆಡೈ'ನಲ್ಲಿ, ಹಳೇ ಕಥೆಯ ದೊಡ್ಡ ಖಳನಾದ ಚಕ್ರವರ್ತಿಯ ಎದುರು, ಅವನ ಕಡೆ ಸೇರಿದ್ದ ಅಪ್ಪನನ್ನು ಸೋಲಿಸಿದ ಮೇಲೆ ಲ್ಯೂಕ್ ಮಾಡಿದ್ದೇನು? ಕೊಲ್ಲಲ್ಲ ಅಂತ ಕೈಲಿದ್ದ ಲೈಟ್‌ಸೇಬರ್ ಎಸೆದ. ಅವನ ಗುರುಗಳಾದ ಓಬಿ-ವಾನ್ ಮರಳುಗಾಡಿನಲ್ಲಿ, ಯೋಡಾ ಜೌಗು ನೆಲದಲ್ಲಿ ತಲೆಮರೆಸಿಕೊಂಡಿದ್ದರು. ಇವನು ದ್ವೀಪ ಸೇರಿದ. ನಿರ್ದೇಶಕ ರಯಾನ್ ಜಾನ್ಸನ್ ಹಳೇ ಸಿನಿಮಾಗಳನ್ನು ಎಷ್ಟು ಗಮನವಿಟ್ಟು ನೋಡಿದ್ದಾರೆ ಅಲ್ವಾ!

ಅದೇ ಸಿನಿಮಾದ ಕ್ರೇಟ್ ಗ್ರಹದ ದೃಶ್ಯವನ್ನೇ ನೋಡಿ. ಮೇಲೆ ಬಿಳಿ ಉಪ್ಪು, ಅದರ ಕೆಳಗೆ ಕೆಂಪು ಮಣ್ಣು. ಒಮ್ಮೆ ಲ್ಯೂಕ್‌ನ ಅಕ್ಕರೆಯ ಸೋದರಳಿಯನಾಗಿದ್ದು, ಈಗ ಶತ್ರು ಸೈನ್ಯದ ನಾಯಕನಾಗಿರುವ ಕೈಲೋ ರೆನ್ ಒಂದು ಹೆಜ್ಜೆ ಸರಿದರೂ ನೆಲದಲ್ಲಿ ಕೆಂಪು ಗೀರು ಬೀಳುತ್ತದೆ. ಲ್ಯೂಕ್‌ನ ಕಾಲ ಕೆಳಗೆ ಏನೂ ಇಲ್ಲ, ಬಿಳಿ ಹಾಗೇ ಇರುತ್ತದೆ. ಏಕೆಂದರೆ ಅವನು ಅಲ್ಲಿಗೆ ಬಂದೇ ಇಲ್ಲ! ದೂರದ ದ್ವೀಪದ ಬಂಡೆಯ ಮೇಲೆ ಕೂತು ತನ್ನ ರೂಪವನ್ನಷ್ಟೇ ಕಳಿಸಿದ್ದಾನೆ. ಒಬ್ಬರನ್ನೂ ಕೊಲ್ಲದೆ, ತಂಗಿ ಲೇಯಾಳ ಜನ ತಪ್ಪಿಸಿಕೊಳ್ಳುವಷ್ಟು ಹೊತ್ತು ಇಡೀ ಸೈನ್ಯವನ್ನು ತಡೆದು ನಿಲ್ಲಿಸುತ್ತಾನೆ. ಆ ಶ್ರಮಕ್ಕೆ ಅವನ ಜೀವವೇ ಹೋಗುತ್ತದೆ. 1983ರ ಹುಡುಗ ವಯಸ್ಸಾದ ಮೇಲೆ ಏನಾಗಬೇಕಿತ್ತೋ ಅದೇ ಆಗಿದ್ದಾನೆ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

2019ರ 'ದ ರೈಸ್ ಆಫ್ ಸ್ಕೈವಾಕರ್' ನನಗೆ ಬೇಸರ ತರಿಸಿತು. ನಡುವಿನ ಸಿನಿಮಾದಲ್ಲಿ ರೇಯ ಅಪ್ಪ ಅಮ್ಮ ಸಾಮಾನ್ಯ ಜನ. ಯಾರ ಮನೆಯಲ್ಲಿ ಹುಟ್ಟಿದವರೂ ಜೆಡೈ (ಲ್ಯೂಕ್‌ನಂಥ ವಿಶೇಷ ಶಕ್ತಿಯ ಯೋಧ) ಆಗಬಹುದು ಅನ್ನೋ ಆಸೆ ಅದರಲ್ಲಿತ್ತು. ಇಲ್ಲಿ ಅವಳನ್ನು ಚಕ್ರವರ್ತಿಯ ಮೊಮ್ಮಗಳಾಗಿಸಿದರು. 1983ರಲ್ಲೇ ಸತ್ತ ಅವನನ್ನೂ ಎಬ್ಬಿಸಿ ತಂದರು. ಹಾಗಾದರೆ ಆ ಚಕ್ರವರ್ತಿಯನ್ನು ಮುಗಿಸಲು ಲ್ಯೂಕ್‌ನ ಅಪ್ಪ ಜೀವ ಕೊಟ್ಟಿದ್ದು ಯಾತಕ್ಕೆ? ಲೇಯಾ ಪಾತ್ರದ ಕ್ಯಾರಿ ಫಿಶರ್ 2016ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದರು. ಮೊದಲು ಚಿತ್ರೀಕರಿಸಿ ಉಳಿದಿದ್ದ ತುಣುಕುಗಳನ್ನು ಜೋಡಿಸಿ ಅವರನ್ನು ತೋರಿಸಬೇಕಾಯಿತು. ಆ ಕಷ್ಟ ನನಗೆ ಅರ್ಥವಾಗುತ್ತದೆ. ರೇಯ ವಿಷಯದಲ್ಲಿ ಹಿಂದೆ ಸರಿಯಲು ಅದು ಕಾರಣವಲ್ಲ.

ನೋಡುವ ಮುಂಚೆ 1983ರ 'ರಿಟರ್ನ್ ಆಫ್ ದ ಜೆಡೈ' ಇನ್ನೊಮ್ಮೆ ಹಾಕಿಕೊಳ್ಳಿ. ಕೊನೆಯ ಭಾಗವನ್ನು ಲೇಯಾಗೋಸ್ಕರ ನೋಡಿ.