ಬೆಂಚ್ ಮಾತಾಡಿದರೆ ಕೋಚ್ ಹೆಸರಿಗೆ

ಬಾಸ್ಕೆಟ್‌ಬಾಲ್‌ನಲ್ಲಿ ಬೆಂಚಿನ ಮೇಲೆ ಮೂರು ಟೆಕ್ನಿಕಲ್ ಫೌಲ್, ಅಂದರೆ ಮೈ ತಾಕಿಸಿದ್ದಕ್ಕಲ್ಲದೆ ನಡತೆಗಾಗಿ ಕೊಡುವ ಫೌಲ್, ಬಿದ್ದರೆ ಕೋಚ್ ಹೊರಗೆ. ಸಹಾಯಕ ಕೋಚ್ ಒಂದು, ಬದಲಿ ಆಟಗಾರ ಒಂದು, ಫಿಸಿಯೋ ಒಂದು ಸಂಪಾದಿಸಿಕೊಟ್ಟರೂ ಸಾಕು. ಪಂದ್ಯವಿಡೀ ತುಟಿ ಬಿಚ್ಚದ ಮುಖ್ಯ ಕೋಚ್ ಎದ್ದು ಡ್ರೆಸ್ಸಿಂಗ್ ಕೋಣೆ ಸೇರಬೇಕು, ಇಲ್ಲವೇ ಕಟ್ಟಡವನ್ನೇ ಬಿಟ್ಟು ಹೋಗಬೇಕು. ಅವರದೇ ದುರ್ವರ್ತನೆಯಾದರೆ ಎರಡಕ್ಕೇ ಮುಗಿಯಿತು. ಸ್ಕೋರ್‌ಶೀಟಿನಲ್ಲಿ ಆಟಗಾರರ ಪಟ್ಟಿಯ ಕೆಳಗೆ ಕೋಚ್ ಹೆಸರಿನ ಮುಂದೆ ಮೂರು ಪುಟ್ಟ ಚೌಕಗಳಿರುತ್ತವೆ. ಕೋಚ್ ತಾವೇ ಮಾಡಿದ್ದಕ್ಕೆ ಅಲ್ಲಿ 'ಸಿ' ಎಂದು ಬರೆಯುತ್ತಾರೆ, ಬೆಂಚಿನವರು ಮಾಡಿದ್ದಕ್ಕೆ 'ಬಿ' ಎಂದು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಪುಸ್ತಕದ 36ನೇ ವಿಧಿಯಲ್ಲಿರುವ ಈ ವ್ಯವಸ್ಥೆ ಬಹಳ ಜಾಣತನದ್ದು ಎಂದು ನನ್ನ ಎಣಿಕೆ. ಬೆಂಚಿನ ಬಾಯಿ ಮುಚ್ಚಿಸುವ ಕೆಲಸವನ್ನು ಅದು ರೆಫರಿಯ ತಲೆಯಿಂದ ಇಳಿಸಿ ಕೋಚ್ ಹೆಗಲಿಗೆ ಹಾಕುತ್ತದೆ. ಹೊಸದಾಗಿ ಸೀಟಿ ಹಿಡಿದವರಿಗೆ ಈ ವಿಧಿ ಬಾಯಿಪಾಠವಾಗಿರುತ್ತದೆ, ಆದರೆ ಅಂಗಣದಲ್ಲಿ ನೆನಪಾಗುವುದಿಲ್ಲ. ಬೆಂಚಿನಿಂದ ಕೂಗಿದ ಹುಡುಗನ ಜೊತೆಗೇ ಅವರು ವಾದಕ್ಕೆ ನಿಲ್ಲುತ್ತಾರೆ.

ನಮ್ಮ ಕ್ಲಬ್ ಪಂದ್ಯ, ಅಂತರ ಕಾಲೇಜು ಟೂರ್ನಿಗಳಲ್ಲಿ ಬೆಂಚ್ ಎಂದರೆ ಸಾಮಾನ್ಯವಾಗಿ ಶಾಮಿಯಾನದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ನಿಯಮದ ಪ್ರಕಾರ ಅಲ್ಲಿ 16 ಆಸನ. ಉಳಿದವರು ಕನಿಷ್ಠ 2 ಮೀಟರ್ ಹಿಂದಿರಬೇಕು. ವಾಸ್ತವದಲ್ಲಿ ಕುರ್ಚಿಯ ಬೆನ್ನಿಗೆ ಕೈಯೂರಿ ಹಳೆಯ ವಿದ್ಯಾರ್ಥಿಗಳು, ಯಾರದೋ ಅಣ್ಣ, ಯಾರದೋ ತಂದೆ ನಿಂತಿರುತ್ತಾರೆ. ಬೈಗುಳ ಕೇಳಿಸುತ್ತದೆ, ಬೈದವನು ಬೆಂಚಿನವನೋ ಹೊರಗಿನವನೋ ತಿಳಿಯುವುದಿಲ್ಲ. ಆದ್ದರಿಂದ ವಾರ್ಮ್‌ಅಪ್ ಹೊತ್ತಿನಲ್ಲೇ ಸಂಘಟಕರನ್ನು ಕರೆದು ಹಿಂದಿನವರನ್ನು ದೂರ ಸರಿಸಿಬಿಡಬೇಕು. ಸ್ಕೋರ್ ಸಮಸಮ ಇರುವಾಗ ಈ ಕೆಲಸಕ್ಕೆ ಕೈಹಾಕಿದರೆ ಅದೇ ಹೊಸ ಜಗಳವಾಗುತ್ತದೆ.

ಇನ್ನೊಂದು ತೊಡಕು ನಮ್ಮದೇ ಊರಿನದು. ಕರ್ನಾಟಕದ ಬಾಸ್ಕೆಟ್‌ಬಾಲ್ ವಲಯ ಚಿಕ್ಕದು. ಇಂದು ಎದುರಿಗೆ ನಿಂತಿರುವ ಕೋಚ್ ಒಂದು ಕಾಲದಲ್ಲಿ ನನಗೆ ಲೇ-ಅಪ್ ಕಲಿಸಿದವರಾಗಿರಬಹುದು. ಮುಂದಿನ ವಾರ ಇನ್ನೊಂದು ಊರಿನ ಟೂರ್ನಿಯಲ್ಲಿ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತುಕೊಳ್ಳಬೇಕಾಗಬಹುದು. ಅವರಿಗೆ ನಾನು "ಸರ್" ಎನ್ನುತ್ತೇನೆ, ಅವರೂ ನನಗೆ "ಸರ್" ಎನ್ನುತ್ತಾರೆ. ಈ ಮರ್ಯಾದೆ ಇರಲಿ, ಒಳ್ಳೆಯದೇ. ಆದರೆ ಹಿರಿಯರೆಂಬ ಸಂಕೋಚದಿಂದ ಮೊದಲ ಕ್ವಾರ್ಟರಿನಲ್ಲಿ ಕೇಳಿಯೂ ಕೇಳದಂತಿದ್ದು ನಾಲ್ಕನೆಯದರಲ್ಲಿ ಸಿಡಿದು ಟೆಕ್ನಿಕಲ್ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ಹೊತ್ತು ನಡೆದದ್ದು ಈಗೇಕೆ ನಡೆಯುವುದಿಲ್ಲ ಎಂದು ಕೋಚ್ ಕೇಳಿದರೆ ರೆಫರಿಯ ಬಳಿ ಉತ್ತರವಿರುವುದಿಲ್ಲ.

ಬೆಂಚಿನ ಗದ್ದಲವನ್ನು ನಾನು ಮನಸ್ಸಿನಲ್ಲೇ ವಿಂಗಡಿಸಿಕೊಳ್ಳುತ್ತೇನೆ. "ಸರ್, ಅದು ಬ್ಲಾಕ್ (ದಾರಿಗೆ ಅಡ್ಡ ಬಂದ ಫೌಲ್) ಹೇಗಾಯಿತು?" ಎನ್ನುವುದು ಪ್ರಶ್ನೆ. ಅತ್ತ ಹಾದುಹೋಗುವಾಗ "ಡಿಫೆಂಡರ್ ಇನ್ನೂ ಪಕ್ಕಕ್ಕೆ ಸರಿಯುತ್ತಿದ್ದ ಸರ್" ಎಂದರೆ ಮುಗಿಯಿತು. "ಇವತ್ತು ಎಲ್ಲಾ ಅವರಿಗೇ!" ಎನ್ನುವುದು ಗೊಣಗಾಟ, ಒಮ್ಮೆ ಬಂದು ಹೋದರೆ ನನ್ನ ಕಿವಿಗೂ ಬಿದ್ದಿಲ್ಲ. ಅದೇ ಗೊಣಗಾಟ ಪ್ರತಿ ಸೀಟಿಗೂ ಬರತೊಡಗಿದರೆ, ಅಥವಾ ಗ್ಯಾಲರಿಗೆ ಕಾಣುವಂತೆ ಕೈ ಚಾಚಿ ತಲೆಯಾಡಿಸುವ ಅಭಿನಯ ಶುರುವಾದರೆ, ಎಚ್ಚರಿಕೆಯ ಹೊತ್ತು ಬಂತೆಂದೇ ಅರ್ಥ. ಮಾತಿಗಿಂತ ಕೈಸನ್ನೆ ಹೆಚ್ಚು ಹಾನಿ ಮಾಡುತ್ತದೆ. ಮಾತು ನಾಲ್ಕು ಜನಕ್ಕೆ ಕೇಳಿಸಿದರೆ ಕೈ ಇಡೀ ಮೈದಾನಕ್ಕೆ ಕಾಣಿಸುತ್ತದೆ.

ಒಂದು ಅಂತರ ಕಾಲೇಜು ಪಂದ್ಯ. ಸಹಾಯಕ ಕೋಚ್ ಮೊದಲಿನಿಂದಲೂ ನಿಂತೇ ಇದ್ದರು, ಮುಖ್ಯ ಕೋಚ್ ಕೂಡ ನಿಂತಿದ್ದರು. ಇಬ್ಬರಲ್ಲಿ ಒಂದು ಹೊತ್ತಿಗೆ ಒಬ್ಬರೇ ನಿಲ್ಲಬಹುದು. ಸಹಾಯಕರು ರೆಫರಿಗಳ ಜೊತೆ ಮಾತಾಡುವಂತೆಯೇ ಇಲ್ಲ. ಈ ಮಹಾಶಯರು ಎದುರಾಳಿಗಳು ಚೆಂಡು ಹಿಡಿದಾಗಲೆಲ್ಲ ಮೂರು ಬೆರಳು ಎತ್ತಿ "ಮೂರು ಸೆಕೆಂಡ್, ಮೂರು ಸೆಕೆಂಡ್" ಎಂದು ಜಪಿಸುತ್ತಿದ್ದರು, ಬುಟ್ಟಿಯ ಬಳಿ ಅವರು ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆಂಬ ದೂರು. ಫೌಲ್ ಆಗಿ ಗಡಿಯಾರ ನಿಂತಾಗ ನಾನು ನೇರವಾಗಿ ಮುಖ್ಯ ಕೋಚ್ ಬಳಿ ಹೋದೆ, ಸಹಾಯಕರತ್ತ ನೋಡಲಿಲ್ಲ. "ಸರ್, ನೀವು ನಿಲ್ಲುವುದಾದರೆ ಅವರು ಕುಳಿತಿರಬೇಕು. ನಮ್ಮ ತೀರ್ಪಿನ ಬಗ್ಗೆ ಅವರಿಂದ ಇನ್ನೊಂದು ಮಾತು ಬಂದರೆ ನಿಮ್ಮ ಹೆಸರಿಗೆ ಬರೆಯಬೇಕಾಗುತ್ತದೆ." ಇಷ್ಟೇ. ಧ್ವನಿ ಏರಿಸಲಿಲ್ಲ, ಬೆರಳು ತೋರಿಸಲಿಲ್ಲ. ಕೋಚ್ ನನಗೆ ಉತ್ತರ ಕೊಡಲಿಲ್ಲ. ಹಿಂದೆ ತಿರುಗಿ ಸಹಾಯಕರ ಟ್ರ್ಯಾಕ್‌ಸೂಟಿನ ತೋಳು ಹಿಡಿದು ಕೆಳಕ್ಕೆಳೆದರು. "ಕುಳಿತುಕೊಳ್ಳಯ್ಯ ಸುಮ್ಮನೆ." ಉಳಿದ ಹೊತ್ತೆಲ್ಲ ಆ ಮನುಷ್ಯ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕುಳಿತಿದ್ದರು. ನಾನು ನೂರು ಸಲ ಹೇಳಿದ್ದರೂ ಆಗದಿದ್ದ ಕೆಲಸ ಅದು.

ಎಚ್ಚರಿಕೆಗೂ ಕ್ರಮವಿದೆ. ಚೆಂಡು ಡೆಡ್ ಆಗಿ, ಅಂದರೆ ಆಟ ತಡೆದು, ಗಡಿಯಾರ ನಿಂತಾಗ ಮಾತ್ರ ಕೊಡಬೇಕು. ಓಡುತ್ತಾ ಭುಜದ ಮೇಲಿಂದ ಎಸೆದ "ಸಾಕು ಸರ್" ಲೆಕ್ಕಕ್ಕಿಲ್ಲ. ಆಟಗಾರನಿಗೆ ಕೊಟ್ಟದ್ದನ್ನು ಕೋಚ್‌ಗೂ ತಿಳಿಸಬೇಕು, ಮತ್ತು ಅದೇ ಬಗೆಯ ತಪ್ಪಿಗೆ ಆ ಎಚ್ಚರಿಕೆ ಪಂದ್ಯದ ಕೊನೆಯವರೆಗೂ ತಂಡದ ಎಲ್ಲರಿಗೂ ಅನ್ವಯಿಸುತ್ತದೆ. ಏಳನೇ ನಂಬರಿನವನಿಗೆ ಹೇಳಿದ್ದನ್ನು ಹನ್ನೊಂದನೇ ನಂಬರಿನವನು ಮಾಡಿದರೂ ಟೆಕ್ನಿಕಲ್. "ನನಗೆ ಹೇಳಿರಲಿಲ್ಲ" ಎಂಬ ಅಳಲಿಗೆ ಜಾಗವಿಲ್ಲ. ಸಹ ರೆಫರಿಗೂ ಆಗಲೇ ತಿಳಿಸಿಬಿಡಬೇಕು. ಇಲ್ಲದಿದ್ದರೆ ನಾನು ಒಮ್ಮೆ, ಅವರು ಒಮ್ಮೆ, ಮತ್ತೆ ನಾನು ಒಮ್ಮೆ ಎಚ್ಚರಿಸುತ್ತಾ ಪಂದ್ಯ ಮುಗಿದುಹೋಗುತ್ತದೆ. ಎರಡನೇ ಸಲವೂ ಎಚ್ಚರಿಕೆಯನ್ನೇ ಕೊಡುವ ರೆಫರಿಯನ್ನು ಬೆಂಚ್ ಬೇಗ ಅಳೆದುಬಿಡುತ್ತದೆ.

ಎಲ್ಲಕ್ಕೂ ಎಚ್ಚರಿಕೆ ಬೇಕಿಲ್ಲ. ರೆಫರಿಯ ಪ್ರಾಮಾಣಿಕತೆಯ ಮೇಲೆ ಆರೋಪ, ಮನೆಯವರನ್ನು ಎಳೆದು ತರುವ ಬೈಗುಳ, ಎದುರಾಳಿಯ ಜಾತಿ ಬಣ್ಣಗಳ ಮಾತು: ಇವಕ್ಕೆ ನೇರವಾಗಿ ಸೀಟಿ. ಇನ್ನೂ ಕೆಟ್ಟದ್ದಾದರೆ ಟೆಕ್ನಿಕಲ್ ಕೂಡ ಸಾಲದು, ಅದು ಅನರ್ಹತೆಯ, ಅಂದರೆ ಪಂದ್ಯದಿಂದಲೇ ಹೊರಹಾಕುವ ವಿಷಯ. ಜಗಳದ ಹೊತ್ತಿನಲ್ಲಿ ಬೆಂಚ್ ಪ್ರದೇಶ ಬಿಟ್ಟು ಒಳನುಗ್ಗಿದ ಬದಲಿ ಆಟಗಾರರಿಗೂ ಅನರ್ಹತೆಯೇ. ಕೋಚ್ ಮತ್ತು ಮೊದಲ ಸಹಾಯಕ ಕೋಚ್ ಮಾತ್ರ ರೆಫರಿಗಳಿಗೆ ನೆರವಾಗಲು ಒಳಬರಬಹುದು.

ಟೆಕ್ನಿಕಲ್ ಕೊಟ್ಟಾಗ ಅದು ಸಪ್ಪೆಯಾಗಿರಬೇಕು. ಎಂದಿನ ಸೀಟಿ, ಅಂಗೈಗಳಿಂದ 'ಟಿ' ಗುರುತು, ಸ್ಕೋರರ್ ಕೂರುವ ಟೇಬಲ್ಲಿಗೆ ವರದಿ. ಎದುರಾಳಿಗೆ ಒಂದು ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ), ಆಮೇಲೆ ಆಟ ನಿಂತಲ್ಲಿಂದ ಮುಂದುವರಿಯುತ್ತದೆ. ಬೆಂಚಿನ ಟೆಕ್ನಿಕಲ್ ತಂಡದ ಫೌಲ್‌ಗಳ ಲೆಕ್ಕಕ್ಕೆ ಸೇರುವುದಿಲ್ಲ. ಗಡಿಬಿಡಿಯಲ್ಲಿ ಸ್ಕೋರರ್ ಸೇರಿಸಿಬಿಡುವುದುಂಟು, ಅದರ ಮೇಲೆ ಒಂದು ಕಣ್ಣಿರಲಿ. ಕೊಟ್ಟವರು ತಕ್ಷಣ ಬೆಂಚಿನಿಂದ ದೂರ ಹೋಗಬೇಕು. ಕೋಚ್‌ಗೆ ಏನಾದರೂ ಹೇಳಬೇಕಿದ್ದರೆ ಸಹ ರೆಫರಿ ಹೇಳಲಿ. ಮೊದಲ ಟೆಕ್ನಿಕಲ್ ನಂತರದ ಅರ್ಧ ನಿಮಿಷವೇ ಎಲ್ಲಕ್ಕಿಂತ ಅಪಾಯದ್ದು. ಅಮೆರಿಕದಲ್ಲಿ 1985ರ ಫೆಬ್ರವರಿಯಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಬಾಬ್ ನೈಟ್ ಅಂಗಣದೊಳಕ್ಕೆ ಕುರ್ಚಿ ಎಸೆದದ್ದು ಇಂಥದ್ದೇ ಗಳಿಗೆಯಲ್ಲಿ. ಅವರ ಮೇಲೆ ಆಗಷ್ಟೇ ಟೆಕ್ನಿಕಲ್ ಬಿದ್ದು ಎದುರಾಳಿ ಪರ್ಡ್ಯೂ ವಿಶ್ವವಿದ್ಯಾಲಯದ ಆಟಗಾರ ಅದರ ಫ್ರೀ ಥ್ರೋಗೆ ನಿಂತಿದ್ದ.

ಕೋಚ್ ಅನರ್ಹರಾದರೆ ಪಂದ್ಯದ ನಂತರ ವರದಿ ಬರೆಯಬೇಕು. ಯಾವ ಕ್ವಾರ್ಟರ್, ಗಡಿಯಾರದಲ್ಲಿ ಎಷ್ಟು ಉಳಿದಿತ್ತು, ಯಾರು, ಯಾವ ಪದ, ಮೊದಲೇ ಎಚ್ಚರಿಸಲಾಗಿತ್ತೇ. "ಅಸಭ್ಯವಾಗಿ ವರ್ತಿಸಿದರು" ಎಂದಷ್ಟೇ ಬರೆದರೆ ಸಂಘಟಕರಿಗೆ ಏನೂ ತಿಳಿಯುವುದಿಲ್ಲ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ, ಬರೆಯಲು ಎಷ್ಟೇ ನಾಚಿಕೆಯಾದರೂ. ಅದಕ್ಕೇ ನಾನು ವಿರಾಮದಲ್ಲಿ ನೀರು ಕುಡಿಯುವ ಮೊದಲು ಸ್ಕೋರರ್‌ನ ಪೆನ್ನು ಇಸಿದುಕೊಂಡು ಅಂಗೈ ಮೇಲೆ ಸಮಯವನ್ನು ಗುರುತು ಹಾಕಿಕೊಳ್ಳುತ್ತೇನೆ.