ಡೀಸೆಲ್ ಚಟವೋ, ಹೊಟ್ಟೆಪಾಡೋ?

"ಡೀಸೆಲ್, ಪೆಟ್ರೋಲನ್ನು ಚಟ ಅಂತೀರಲ್ಲ, ಅದು ನಮ್ಮ ಹೊಟ್ಟೆಪಾಡು ಅಲ್ವಾ?" ಕಾರವಾರದಲ್ಲಿ ಈ ಮಾತು ಎತ್ತಿದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಹೊಟ್ಟೆಪಾಡು ಹೌದು. ಆದರೆ ಚಟವೂ ಹೌದು.

ಚಟಕ್ಕೆ ಮನೋವೈದ್ಯರು ಹೇಳುವ ಗುರುತುಗಳಿವೆ. ಮೊದಲು ಸಾಕಾಗುತ್ತಿದ್ದಷ್ಟು ಆಮೇಲೆ ಸಾಲದು. ಬಿಟ್ಟರೆ ಒದ್ದಾಟ. ಹಾನಿ ಕಣ್ಣೆದುರಿಗಿದ್ದರೂ ಬಿಡಲಾಗದು. ಇವನ್ನು ಮನಸ್ಸಿನಲ್ಲಿಟ್ಟು ಕಾರವಾರದ ಮೀನುಗಾರಿಕೆ ಬಂದರು ಬೈತಖೋಲವನ್ನು ನೋಡಿ. ಹಿಂದೆ ನಮ್ಮ ಕರಾವಳಿಯಲ್ಲಿ ರಂಪಣಿ ಬಲೆಯದೇ ಕಾಲ. ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬರುವುದು, ಊರ ಜನ ದಡದಲ್ಲಿ ನಿಂತು ಎಳೆಯುವುದು. ಒಂದು ಹನಿ ಡೀಸೆಲ್ ಬೇಕಿರಲಿಲ್ಲ. ಬಂಗಡೆ, ತಾರ್ಲೆ ದಡದ ಹತ್ತಿರವೇ ಸಿಗುತ್ತಿದ್ದವು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು, ಅಂದರೆ ಕಡಲಲ್ಲೇ ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಎಂಜಿನ್ ಬೋಟುಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಬಲೆಗೆ ಬಿತ್ತು, ರಂಪಣಿ ಮೂಲೆ ಸೇರಿತು. ಹತ್ತಿರದ ಮೀನು ಕಡಿಮೆಯಾದಂತೆ ಬೋಟು ಇನ್ನೂ ದೂರ ಹೋಗಬೇಕು, ಎಂಜಿನ್ ಇನ್ನೂ ದೊಡ್ಡದಾಗಬೇಕು. ಅಷ್ಟೇ ಮೀನಿಗೆ ಮೊದಲಿಗಿಂತ ಜಾಸ್ತಿ ಡೀಸೆಲ್. ಹೊಟ್ಟೆಪಾಡಿಗೆ ಬೇರೆ ದಾರಿಯನ್ನೇ ಉಳಿಸದೆ ಕಟ್ಟಿಹಾಕುವುದು ಚಟದ ಕೆಲಸವೇ.

ಇದು ನಮ್ಮೊಬ್ಬರ ಕಥೆಯಲ್ಲ. 1973ರಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದಾಗ ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. ಅಮೆರಿಕ ಹೆದ್ದಾರಿಗಳ ವೇಗವನ್ನು ಗಂಟೆಗೆ 55 ಮೈಲಿಗೆ ಇಳಿಸಿತು, ಜನ ಸಣ್ಣ ಕಾರು ಕೊಂಡರು. 1986ರಲ್ಲಿ ಬೆಲೆ ಕುಸಿಯಿತು, ಮುಂದೆ ದೊಡ್ಡ ಗಾಡಿಗಳು ಮತ್ತೆ ರಸ್ತೆ ತುಂಬಿದವು. ಮಾಲೆ ಹಾಕಿದಷ್ಟು ದಿನ ಕುಡಿತ ಬಿಟ್ಟು, ತೆಗೆದ ಕೂಡಲೇ ಶುರು ಮಾಡಿದಂತೆ. ಅಮೆರಿಕಕ್ಕೆ ತೈಲದ ಚಟ ಹತ್ತಿದೆ ಎಂದು 2006ರಲ್ಲಿ ಅಧ್ಯಕ್ಷ ಬುಷ್ ಅವರೇ ಹೇಳಿದರು. 2018ರ ಹೊತ್ತಿಗೆ ಅದೇ ದೇಶ ಕಚ್ಚಾತೈಲ ತೆಗೆಯುವುದರಲ್ಲಿ ಜಗತ್ತಿಗೇ ಮೊದಲು. ಚಟ ಇದೆ ಅಂತ ಒಪ್ಪಿಕೊಂಡರೆ ಸಾಲದು.

ಹಾಗಂತ ಬೈದರೂ ಚಟ ಬಿಡುವುದಿಲ್ಲ. ವಿಲಿಯಂ ಮಿಲ್ಲರ್ ಎಂಬ ಮನೋವಿಜ್ಞಾನಿ 1980ರ ದಶಕದಲ್ಲಿ ಕುಡಿತ ಬಿಡಿಸುವ ಬೇರೆಯದೇ ದಾರಿ ತೋರಿಸಿದರು. ಕುಡಿಯುವವರನ್ನು ನಾಚಿಸಬೇಡಿ, ಅವರ ಮಾತು ಕೇಳಿ, ಬಿಡುವ ಕಾರಣ ಅವರ ಬಾಯಿಂದಲೇ ಬರಲಿ ಎಂಬುದು ಅದರ ತಿರುಳು. ನನಗೆ ಇದು ಬಹಳ ಸರಿ ಅನಿಸುತ್ತದೆ. ಸಾಲ ಮಾಡಿ ಬೋಟು ಕೊಂಡವರಿಗೆ, ಅದರಲ್ಲಿ ಪಾಲಿನ ಮೇಲೆ ದುಡಿಯುವ ಕೆಲಸಗಾರರಾದ ಕಲಾಸಿಗಳಿಗೆ, ಡೀಸೆಲ್ ಸುಟ್ಟರೆ ಹವಾಮಾನ ಕೆಡುತ್ತದೆ ಅಂತ ಪಾಠ ಹೇಳುವುದು ಅನ್ಯಾಯ. ಮೀನು ಎಲ್ಲಿ ಹೋಯಿತು ಅಂತ ನಮಗಿಂತ ಚೆನ್ನಾಗಿ ಅವರಿಗೇ ಗೊತ್ತು.

ನಾನು ಕೇಳುವುದು ಸರ್ಕಾರವನ್ನು. ಬೋಟುಗಳಿಗೆ ತೆರಿಗೆ ಬಿಟ್ಟು ಡೀಸೆಲ್ ಕೊಡುತ್ತೀರಿ, ಸರಿ. ಹತ್ತಿರದಲ್ಲೇ, ಸಣ್ಣ ಎಂಜಿನ್ನಿನಲ್ಲಿ, ಕಡಿಮೆ ಸುಟ್ಟು ಮೀನು ಹಿಡಿಯುವವರಿಗೂ ಅಷ್ಟೇ ಹಣ ಯಾಕೆ ಕೊಡಬಾರದು?