ಸ್ಲೈಡ್ ಸ್ಕ್ಯಾನರ್ ಲಾಗ್: ಕ್ಲೀನರ್ ನುಂಗಿದ ಕೀಗಳು ವಾಪಸ್ ಬಂದವು

ಹಳೇ ಫಿಲ್ಮ್ ಸ್ಲೈಡುಗಳನ್ನು ಕಂಪ್ಯೂಟರಿಗೆ ತರುವ ಸ್ಕ್ಯಾನರ್ ಕೊನೆಗೂ ಓಡಿತು. ಮೊದಲ ಸ್ಲೈಡ್ ಪರದೆ ಮೇಲೆ ಬಂತು. ಬಣ್ಣವೆಲ್ಲ ನೇರಳೆಗೆ ತಿರುಗಿದೆ, ಆದರೆ ಅದು ಫಿಲ್ಮಿನ ಕಾಯಿಲೆ, ಕಂಪ್ಯೂಟರಿನದಲ್ಲ.

ಧೂಳು ಊದಿದ್ದು, ಥರ್ಮಲ್ ಪೇಸ್ಟ್ ಬಳಿದಿದ್ದು, ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಡಿ. ಈ ಸಲದ ಲಾಗ್ ಪೂರ್ತಿ ಒಂದೇ ಎರರ್ ಬಗ್ಗೆ: 80040154, ‘ಕ್ಲಾಸ್ ನಾಟ್ ರಿಜಿಸ್ಟರ್ಡ್’, ಅಂದರೆ ಸಾಫ್ಟ್‌ವೇರಿಗೆ ಬೇಕಾದ ಒಂದು ಭಾಗ ವಿಂಡೋಸಿನಲ್ಲಿ ನೋಂದಣಿಯಾಗಿಲ್ಲ. ಸ್ಕ್ಯಾನ್ ಬಟನ್ ಒತ್ತಿದರೆ ಸಾಕು, ಈ ಡಬ್ಬಿ ಎದ್ದು ನಿಲ್ಲುತ್ತಿತ್ತು. ಡಿವೈಸ್ ಮ್ಯಾನೇಜರ್ ನೋಡಿದರೆ ಎಲ್ಲ ಸರಿ. ಹಳದಿ ಗುರುತು ಕೂಡ ಇಲ್ಲ.

ಕಂಪ್ಯೂಟರ್, ಸ್ಕ್ಯಾನರ್ ಸೆಟ್ ತಂದಿದ್ದು ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಿಂದ. ಮೊದಲು ಯಾವುದೋ ಸ್ಟುಡಿಯೋದಲ್ಲಿ ದುಡಿದ ಮಷಿನ್. ವಿಂಡೋಸ್ 7, 64 ಬಿಟ್. ಸ್ಕ್ಯಾನರಿನ ಸಾಫ್ಟ್‌ವೇರ್ 32 ಬಿಟ್. ಅದರ ಸಿಡಿ ಇಲ್ಲ, ತಯಾರಕರೂ ಆ ಸಾಫ್ಟ್‌ವೇರನ್ನು ಇಂಟರ್ನೆಟ್ಟಿನಿಂದ ಎತ್ತಿಬಿಟ್ಟಿದ್ದಾರೆ. ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕು ಮಾರಾಯ’ ಅನ್ನುವವರಿಗೆ ಇದೇ ಉತ್ತರ. ಅಂಗಡಿಯವರು ‘ಸರ್, ರಿಜಿಸ್ಟ್ರಿ ಎಲ್ಲ ಕ್ಲೀನ್ ಮಾಡಿಸಿದೀವಿ, ಫುಲ್ ಸ್ಪೀಡ್’ ಅಂತ ಹೆಮ್ಮೆಯಿಂದ ಹೇಳಿದ್ದರು. ಅದಕ್ಕೆ ಸರ್ವಿಸ್ ಚಾರ್ಜ್ ಬೇರೆ. (ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಮತ್ತು ಸಾಫ್ಟ್‌ವೇರುಗಳ ಸೆಟ್ಟಿಂಗ್ ಬರೆದಿಡುವ ಪುಸ್ತಕ, ಅದರ ಒಂದೊಂದು ನಮೂದು ಒಂದು ಕೀ. ಬೇಡದ ಕೀ ಅಳಿಸುತ್ತೇನೆ ಅನ್ನುವ ಸಾಫ್ಟ್‌ವೇರೇ ಕ್ಲೀನರ್.) ಪವರ್ ಕೇಬಲ್ ಮಾತ್ರ ಕೊಡಲಿಲ್ಲ.

ಯಾವ ಸಾಫ್ಟ್‌ವೇರ್ ಏನು ಹುಡುಕುತ್ತಿದೆ ಅಂತ ತೋರಿಸುವ ಪ್ರೋಸೆಸ್ ಮಾನಿಟರ್ ಹಾಕಿ, ‘ನೇಮ್ ನಾಟ್ ಫೌಂಡ್’ ಫಿಲ್ಟರ್ ಇಟ್ಟು ಬಟನ್ ಒತ್ತಿದೆ. ಸಾಫ್ಟ್‌ವೇರ್ ಒಂದು ಸಿಎಲ್‌ಎಸ್‌ಐಡಿ (ಆ ಭಾಗದ ಗುರುತಿನ ಸಂಖ್ಯೆ) ಹುಡುಕುತ್ತಿದೆ, ಆ ಕೀ ಅಲ್ಲಿಲ್ಲ. ಅದು ಕರೆಯಬೇಕಾದ ಡಿಎಲ್‌ಎಲ್ (ಆ ಭಾಗದ ಪ್ರೋಗ್ರಾಂ ಇರುವ ಫೈಲ್) ಮಾತ್ರ ಡಿಸ್ಕಿನಲ್ಲಿ ಆರಾಮಾಗಿ ಕೂತಿದೆ. ಸರಿ, ಡಿಎಲ್‌ಎಲ್ ನೋಂದಾಯಿಸುವ ವಿಂಡೋಸ್ ಟೂಲ್ ರೆಜಿಎಸ್‌ವಿಆರ್32 ಓಡಿಸಿದರೆ ಮುಗೀತಲ್ವಾ? ಮುಗಿಯಲಿಲ್ಲ. ‘ಡಿಎಲ್‌ಎಲ್‌ರಿಜಿಸ್ಟರ್‌ಸರ್ವರ್ ಸಿಗಲಿಲ್ಲ’ ಅಂತ ಬಂತು. ಅಂದರೆ ಈ ಡಿಎಲ್‌ಎಲ್‌ಗೆ ತನ್ನನ್ನು ತಾನೇ ನೋಂದಾಯಿಸಿಕೊಳ್ಳುವುದು ಗೊತ್ತಿಲ್ಲ. ಇನ್ಸ್ಟಾಲರ್ ಬಂದು ಕೀಗಳನ್ನು ಬರೆದು ಹೋಗಿತ್ತು. ಆ ಇನ್ಸ್ಟಾಲರ್ ಕಾಣೆಯಾದ ಸಿಡಿಯಲ್ಲಿ.

ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸಿಸ್ಟಮ್ ರಿಸ್ಟೋರ್ ಆಫ್ ಆಗಿತ್ತು. ಕ್ಲೀನರ್ ಅಳಿಸುವ ಮುಂಚೆ ತೆಗೆಯುವ ಬ್ಯಾಕಪ್ ಫೈಲೂ ಇಲ್ಲ, ಅದನ್ನೂ ಕ್ಲೀನ್ ಮಾಡಿದ್ದಾರೆ! ಉಳಿದಿದ್ದು ಒಂದೇ ದಾರಿ, ಸಿಸ್ಟಮ್32 ಒಳಗಿನ ಕಾನ್ಫಿಗ್, ಅದರೊಳಗಿನ ರೆಗ್‌ಬ್ಯಾಕ್ ಫೋಲ್ಡರ್. ವಿಂಡೋಸ್ 7 ಹತ್ತು ದಿನಕ್ಕೊಮ್ಮೆ, ಮಷಿನ್ ಸುಮ್ನೆ ಇರುವಾಗ, ಹೈವ್‌ಗಳ (ರಿಜಿಸ್ಟ್ರಿ ಇರುವ ಫೈಲುಗಳ) ನಕಲನ್ನು ಇಲ್ಲಿ ಇಡುತ್ತದೆ. ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ ಅನ್ನುವುದೇ ಭಯ. ಲೈವ್ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಮೂಲ ಡಿಸ್ಕಿನ ಫೋಲ್ಡರ್ ತೆರೆದೆ. ತಾರೀಖು ನೋಡಿದರೆ ಮಷಿನ್ ಇನ್ನೂ ಸ್ಟುಡಿಯೋದಲ್ಲಿದ್ದ ಕಾಲದ್ದು. ಅಂಗಡಿಯಲ್ಲಿ ಇದನ್ನು ಹೆಚ್ಚು ಹೊತ್ತು ಆನ್ ಇಟ್ಟಿರಲಿಲ್ಲ, ಕರೆಂಟ್ ಬಿಲ್ ಉಳಿಸಿದ ಪುಣ್ಯಾತ್ಮರು.

ಮುಂದಿನದು ರೆಜ್‌ಎಡಿಟ್, ಅಂದರೆ ವಿಂಡೋಸಿನ ರಿಜಿಸ್ಟ್ರಿ ಎಡಿಟರ್ ಕೆಲಸ. ಇಡೀ ಮಷಿನಿನ ಸೆಟ್ಟಿಂಗ್ ಇರುವ ಎಚ್‌ಕೆಎಲ್‌ಎಂ ವಿಭಾಗದ ಮೇಲೆ ನಿಂತು ‘ಲೋಡ್ ಹೈವ್’ ಕೊಟ್ಟು, ಹಳೇ ಸಾಫ್ಟ್‌ವೇರ್ ಹೈವನ್ನು ‘ಹಳೆ’ ಅನ್ನುವ ಹೆಸರಲ್ಲಿ ತೆರೆದೆ. ಹಳೆಯದು, ಹೊಸದು ಎರಡರಲ್ಲೂ ಕ್ಲಾಸಸ್ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಫೈಲುಗಳ ವ್ಯತ್ಯಾಸ ತೋರಿಸುವ ವಿನ್‌ಮರ್ಜ್‌ನಲ್ಲಿ ಪಕ್ಕಪಕ್ಕ ಇಟ್ಟೆ. ಆಗ ಕಥೆ ಬಿಚ್ಚಿಕೊಂಡಿತು. ಮಾಯವಾದ ಕೀಗಳಲ್ಲಿ ಬಹುಪಾಲು ಡಿ ಡ್ರೈವಿನ ಫೈಲುಗಳನ್ನು ತೋರಿಸುತ್ತಿದ್ದವು. ಸ್ಟುಡಿಯೋದವರು ಸಾಫ್ಟ್‌ವೇರನ್ನು ಎರಡನೇ ಹಾರ್ಡ್‌ಡಿಸ್ಕಿನಲ್ಲಿ ಹಾಕಿದ್ದರು. ಅಂಗಡಿಯಲ್ಲಿ ಆ ಡಿಸ್ಕ್ ಬಿಚ್ಚಿಟ್ಟಿದ್ದಾಗಲೇ ಕ್ಲೀನರ್ ಓಡಿಸಿರಬೇಕು. ದಾರಿ ಹಿಡಿದು ಹೋಗಿ ನೋಡಿದರೆ ಫೈಲ್ ಇಲ್ಲ, ಹಾಗಾದರೆ ಕೀ ಅನಾಥ, ಅಳಿಸು. ಊರಿಗೆ ಹೋದವರ ಹೆಸರನ್ನು ರೇಷನ್ ಕಾರ್ಡಿನಿಂದ ಹೊಡೆದುಹಾಕಿದ ಹಾಗೆ. ಕ್ಲೀನರ್‌ಗಳ ಮೂಲ ರೋಗವೇ ಇದು. ಫೈಲ್ ಈ ಕ್ಷಣ ಕಾಣುತ್ತಿಲ್ಲ ಅನ್ನುವುದು ಬೇರೆ, ಕೀ ಯಾರಿಗೂ ಬೇಡ ಅನ್ನುವುದು ಬೇರೆ. ಪೆನ್‌ಡ್ರೈವ್, ನೆಟ್‌ವರ್ಕ್ ಡ್ರೈವ್ ಇದ್ದವರಿಗೂ ಇದೇ ಗತಿ. 32 ಬಿಟ್ ಕ್ಲೀನರ್ ಆದರೆ ಇನ್ನೊಂದು ತಮಾಷೆ ಇದೆ. ಅದು ಸಿಸ್ಟಮ್32 ನೋಡುತ್ತೇನೆ ಅಂದುಕೊಂಡರೆ ವಿಂಡೋಸ್ ಸದ್ದಿಲ್ಲದೆ 32 ಬಿಟ್ ಫೈಲುಗಳ ಫೋಲ್ಡರ್ ಸಿಸ್‌ವಾವ್64ಗೆ ಕಳಿಸುತ್ತದೆ. ಇರುವ ಫೈಲೂ ಇಲ್ಲದಂತೆ ಕಂಡೀತು.

ಬೇಕಾದ ಕೀಗಳನ್ನು ಎತ್ತಿಕೊಂಡೆ. 32 ಬಿಟ್ ಆದ್ದರಿಂದ ಅವು ಕ್ಲಾಸಸ್ ಒಳಗಿನ ವಾವ್6432ನೋಡ್‌ನಲ್ಲಿ ಇರುತ್ತವೆ, ಮರೆಯಬೇಡಿ. ಎಕ್ಸ್‌ಪೋರ್ಟ್ ಆದ ಫೈಲಿನಲ್ಲಿ ‘ಹಳೆ’ ಇರುವಲ್ಲೆಲ್ಲ ‘ಸಾಫ್ಟ್‌ವೇರ್’ ಅಂತ ಬದಲಿಸಿ ಇಂಪೋರ್ಟ್ ಮಾಡಿದೆ. ಬಟನ್ ಒತ್ತಿದರೆ ಹೊಸ ಎರರ್: ‘ಲೈಬ್ರರಿ ನಾಟ್ ರಿಜಿಸ್ಟರ್ಡ್’. ಬೈಗುಳ ಬಂತು, ಜೊತೆಗೆ ಖುಷಿಯೂ ಆಯಿತು. ಎರರ್ ಬದಲಾದರೆ ಒಂದು ಬಾಗಿಲು ದಾಟಿದ್ದೇವೆ ಅಂತ ನಿಮಗೂ ಗೊತ್ತು. ಅದೇ ಭಾಗದ ಜೊತೆಗಾರರಾದ ಟೈಪ್‌ಲಿಬ್ ಮತ್ತು ಇಂಟರ್‌ಫೇಸ್ ಕೀಗಳನ್ನೂ ತಂದು ಹಾಕಿದ ಮೇಲೆ ಮೋಟಾರ್ ಗುರ್ರ್ ಅಂದಿತು.

ಇನ್ನು ‘ಫುಲ್ ಸ್ಪೀಡ್’ ವಿಚಾರ. ಕೀಗಳು ಹೋಗಿದ್ದಾಗಲೂ, ವಾಪಸ್ ಬಂದಮೇಲೂ ಬೂಟ್ ಆಗುವ ಹೊತ್ತಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಕಾಣುವುದೂ ಇಲ್ಲ. ವಿಂಡೋಸ್ ಇಡೀ ರಿಜಿಸ್ಟ್ರಿ ಓದುತ್ತಾ ಕೂರುವುದಿಲ್ಲ, ಬೇಕಾದ ಕೀಗೆ ನೇರ ಹೋಗುತ್ತದೆ. ಸಾಫ್ಟ್‌ವೇರ್ ಹೈವ್ ಹತ್ತಾರು ಎಂಬಿ ಇರುತ್ತದೆ. ಕ್ಲೀನರ್ ತೆಗೆದಿದ್ದು ಅದರಲ್ಲಿ ಲೆಕ್ಕಕ್ಕೇ ಬಾರದಷ್ಟು. ಅಳಿಸಿದರೂ ಫೈಲ್ ಚಿಕ್ಕದಾಗುವುದಿಲ್ಲ, ಒಳಗೆ ಖಾಲಿ ಜಾಗ ಉಳಿಯುತ್ತದೆ ಅಷ್ಟೇ. ವಿಂಡೋಸ್ 2000 ತನಕ ರಿಜಿಸ್ಟ್ರಿ ಗಾತ್ರಕ್ಕೆ ಮಿತಿ ಇತ್ತು, ಆಗ ಈ ಚಿಂತೆಗೆ ಸ್ವಲ್ಪ ಅರ್ಥವಿತ್ತು. ಎಕ್ಸ್‌ಪಿಯಲ್ಲಿ ಆ ಮಿತಿಯೇ ಹೋಯಿತು. ಸ್ಪೀಡ್ ಬೇಕಾದರೆ, ಬೂಟ್ ಜೊತೆಗೇ ಏನೇನು ಓಡುತ್ತದೆ ಅಂತ ತೋರಿಸುವ ಆಟೋರನ್ಸ್ ತೆರೆದು ಸ್ಟಾರ್ಟಪ್ ಕಸ ತೆಗೆಯಿರಿ.

ಹಳೇ ಕಾಲ ಅಂದಾಗ ನೆನಪಾಯಿತು, ಮುಂದಿನ ಪ್ರಾಜೆಕ್ಟ್ ವಿಂಡೋಸ್ 98 ಮಷಿನ್. ಪೆಂಟಿಯಂ 3 ಬೋರ್ಡ್ ಸಿಕ್ಕಿದೆ, ಹಳೇ ಕಾರ್ಡುಗಳು ಕೂರುವ ಐಎಸ್‌ಎ ಸ್ಲಾಟ್ ಸಮೇತ. ಸೌಂಡ್ ಕಾರ್ಡಿಗೆ ‘ಆಂಟಿಕ್ ಪೀಸ್ ಸರ್’ ಅಂತ ಹೇಳಿದ ರೇಟ್ ಕೇಳಿ ವಾಪಸ್ ಬಂದೆ. 98ರಲ್ಲಿ ಸ್ಕ್ಯಾನ್‌ರೆಗ್ ಅಂತ ಮೈಕ್ರೋಸಾಫ್ಟಿನದೇ ಟೂಲ್ ಇತ್ತು, ದಿನಾ ರಿಜಿಸ್ಟ್ರಿಯ ಬ್ಯಾಕಪ್ ತೆಗೆದಿಡುತ್ತಿತ್ತು.

ಇವತ್ತು ಅದೇ ಮೈಕ್ರೋಸಾಫ್ಟ್ ರಿಜಿಸ್ಟ್ರಿ ಕ್ಲೀನರ್‌ಗಳಿಗೆ ಬೆಂಬಲ ಇಲ್ಲ ಅಂತ ಹೇಳಿದೆ. ಟೂಲ್ ಒಳ್ಳೆಯದೇ ಆಗಿದ್ದರೂ ನಂಬಿ ಕೂರುವಂತಿಲ್ಲ. 2017ರಲ್ಲಿ ಸಿಕ್ಲೀನರ್ ಅನ್ನುವ ಇಂಥದೇ ಟೂಲಿನ 5.33 ಆವೃತ್ತಿಯೊಳಗೇ ಹ್ಯಾಕರ್‌ಗಳು ಮಾಲ್ವೇರ್ ಸೇರಿಸಿದ್ದರು, ಸುಮಾರು 22.7 ಲಕ್ಷ ಬಳಕೆದಾರರಿಗೆ ಅದು ತಲುಪಿತ್ತು. ಅದೂ ಕಂಪನಿಯ ಅಧಿಕೃತ ಡೌನ್‌ಲೋಡ್ ಮೂಲಕ.

ವಿಂಡೋಸ್ 10 ಇಟ್ಟುಕೊಂಡವರು ಒಮ್ಮೆ ನಿಮ್ಮ ರೆಗ್‌ಬ್ಯಾಕ್ ತೆರೆದು ನೋಡಿ. 1803 ಆವೃತ್ತಿಯಿಂದ ಅಲ್ಲಿ ಫೈಲುಗಳು ಸೊನ್ನೆ ಕೆಬಿ. ಬ್ಯಾಕಪ್ ತಾನಾಗೇ ಆಗುವುದಿಲ್ಲ. ಸೆಷನ್ ಮ್ಯಾನೇಜರ್ ಒಳಗಿನ ಕಾನ್ಫಿಗರೇಶನ್ ಮ್ಯಾನೇಜರ್ ಕೀಯಲ್ಲಿ ‘ಎನೇಬಲ್ ಪೀರಿಯಾಡಿಕ್ ಬ್ಯಾಕಪ್’ ಅನ್ನುವ ಹೆಸರಲ್ಲಿ (ನಡುವೆ ಸ್ಪೇಸ್ ಇಲ್ಲದೆ) ಡಿವರ್ಡ್, ಅಂದರೆ ಸಂಖ್ಯೆ ಇಡುವ ನಮೂದು ಮಾಡಿ 1 ಅಂತ ಕೊಟ್ಟು ರೀಸ್ಟಾರ್ಟ್ ಮಾಡಿದರೆ ಮತ್ತೆ ಶುರುವಾಗುತ್ತದೆ.

ಮುಂದಿನ ಲಾಗ್ ನೇರಳೆ ಬಣ್ಣದ ಬಗ್ಗೆ. ಕೆಂಪು ಚಾನಲ್ ಇಳಿಸಿದರೆ ಆಕಾಶ ಸರಿಹೋಗುತ್ತದೆ, ಮುಖಗಳು ಹಸಿರಾಗುತ್ತವೆ. ಇದಕ್ಕೆ ಯಾರ ಹತ್ತಿರವಾದರೂ ಒಳ್ಳೇ ಕರ್ವ್ (ಬಣ್ಣ ಸರಿಪಡಿಸುವ ಸೆಟ್ಟಿಂಗ್) ಇದ್ದರೆ ಕಳಿಸಿ.